ಜಡೆಯ ಬಸ್ಸು ಹತ್ತದ ಮಂಜಪ್ಪ

ಶಿಕಾರಿಪುರದಲ್ಲಿ ಮಂಡಕ್ಕಿ ಒಗ್ಗರಣೆ ತಿಂದು ಸೊರಬದ ಬಸ್ಸು ಹತ್ತಿದಾಗ ಬಿಸಿಲು ಆಗಲೇ ಚುರುಕಾಗಿತ್ತು. ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಪಡೆದು ಕಿಟಕಿ ಪಕ್ಕ ಕುಳಿತೆ. ಮಧ್ಯಾಹ್ನ ಸೊರಬದ ಆಸ್ಪತ್ರೆಯಲ್ಲಿ ಗಂಡಸರ ಬಂಜೆತನದ ಬಗ್ಗೆ ಆರೋಗ್ಯ ಕಾರ್ಯಕರ್ತರಿಗೆ ನಾನು ಪಾಠ ಮಾಡಬೇಕಿತ್ತು. ನಾನು ಅದೇ ವಿಭಾಗದ ಡಾಕ್ಟರು. ಆದರೆ ಹೆಂಗಸಾದ್ದರಿಂದ ಎಲ್ಲರೂ ನನ್ನನ್ನು ಹೆರಿಗೆ ಡಾಕ್ಟರೆಂದೇ ತಿಳಿಯುತ್ತಾರೆ. ಮೊದಮೊದಲು ರೇಗುತ್ತಿದ್ದೆ, ಈಗ ರೂಢಿಯಾಗಿದೆ.

ಪಕ್ಕದಲ್ಲಿ ಈಸೂರಿನ ಹಾಲವ್ವ ಕೂತರು. ಹಿಂದಿನ ಸೀಟಿನಲ್ಲಿ ಅವರ ಮಗ ಮಂಜಪ್ಪ, ಕುರಿ ಸಾಕುವವನು. (ಅವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಬರೆಯುತ್ತಿದ್ದೇನೆ.) ಶಿರಾಳಕೊಪ್ಪ ಬರುವಷ್ಟರಲ್ಲಿ ಮನೆ ಕಥೆಯೆಲ್ಲ ಹೊರಬಿತ್ತು. ಸೊಸೆ ಗೌರಿಗೆ ಮಕ್ಕಳಾಗಿಲ್ಲ. ಈಗ ಸೊರಬದಲ್ಲಿ ಬಸ್ಸು ಬದಲಿಸಿ, ಜಡೆ ಎಂಬ ಊರಿನಲ್ಲಿ ಮಗನಿಗೆ ಇನ್ನೊಂದು ಹೆಣ್ಣು ನೋಡಲು ಹೊರಟಿದ್ದರು. ತವರಿಗೆ ಹೋಗು ಎಂದು ಗೌರಿಗೆ ಹೇಳಿಯೂ ಆಗಿತ್ತು.

"ಅವಳ ರಿಪೋರ್ಟ್‌ನಾಗೆ ಏನೂ ಬಂದಿಲ್ರೀ. ಆದ್ರೂ ಬಸುರಾಗವಲ್ಲಳು."

"ಮಂಜಪ್ಪನ್ನ ತೋರಿಸಿದ್ರೇನ್ರೀ?"

"ಅವನಿಗೇನಾಗೈತ್ರೀ? ಗುಂಡುಕಲ್ಲಿನಂಗದಾನೆ."

ನನಗೆ ಮೈಯೆಲ್ಲ ಉರಿಯಿತು. ಹಿಂದೆ ತಿರುಗಿ ಮಂಜಪ್ಪನನ್ನೇ ಕೇಳಿದೆ, "ಕುರಿ ಗಬ್ಬ ನಿಲ್ಲದಿದ್ರೆ ಏನ್ ಮಾಡ್ತೀಯಪ್ಪ?"

"ಟಗರಿನ ಬೀಜ ಮುಟ್ಟಿ ನೋಡ್ತೀವ್ರೀ. ಗಂಟು, ಬಾವು ಇದ್ರೆ ಬ್ಯಾರೆ ಟಗರು ಬಿಡ್ತೀವಿ," ಎಂದ. ಮುಂದಿನ ಸೀಟಿನವರು ಕಿಸಕ್ಕನೆ ನಕ್ಕರು. ಮಂಜಪ್ಪ ಕಿಟಕಿ ಕಡೆ ಮುಖ ಮಾಡಿದ.

ನಾನು ಡಾಕ್ಟರೆಂದು ಹೇಳಿದೆ. ಅಲ್ಲಿಂದ ಮುಂದೆ ತಾಯಿಮಗನಿಗೆ ಸಣ್ಣ ದನಿಯಲ್ಲಿ, ಗಂಡಸರ ಬಂಜೆತನಕ್ಕೆ ಸಾಮಾನ್ಯ ಕಾರಣವಾದ ವೇರಿಕೋಸಿಲ್‌ನ ಪಾಠವಾಯಿತು. ಕಾಲಿನಲ್ಲಿ ನರ ಉಬ್ಬುವ ಹಾಗೆ ಕೆಲವರಿಗೆ ವೃಷಣದ ಮೇಲೂ ರಕ್ತನಾಳಗಳು ಉಬ್ಬುತ್ತವೆ. ರಕ್ತ ನಿಂತು ಬಿಸಿ ಏರಿ ವೀರ್ಯ ಕೆಡಬಹುದು. ಇದಿದ್ದೂ ಮಕ್ಕಳಾದವರು ಬೇಕಾದಷ್ಟು ಜನ ಇದ್ದಾರೆ. ಮೊದಲೆಲ್ಲ ವೀರ್ಯಾಣುಗಳ ಸಂಖ್ಯೆಯ ಮೇಲೇ ಕಣ್ಣಿಟ್ಟಿದ್ದ ಸಂಶೋಧಕರು ಈಗ ಅವುಗಳೊಳಗಿನ ಡಿಎನ್‌ಎಗೆ ಆದ ಹಾನಿಯನ್ನೂ ನೋಡುತ್ತಾರೆ. ಯಾರಿಗೆ ಆಪರೇಷನ್ನಿಂದ ಗುಣ, ಯಾರಿಗೆ ಅದರ ಅಗತ್ಯವೇ ಇಲ್ಲ ಎಂದು ಮೊದಲೇ ತಿಳಿಯುವುದು ಹೇಗೆ ಎಂಬುದು ಇವತ್ತಿನ ದೊಡ್ಡ ಹುಡುಕಾಟ. ಗಂಡಸನ್ನು ಪರೀಕ್ಷಿಸದೆ ಹೆಂಗಸಿನ ಮೇಲೆ ತೀರ್ಪು ಕೊಡಬಾರದು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಸೊರಬ ನಿಲ್ದಾಣದಲ್ಲಿ ಜಡೆಯ ಬಸ್ಸು ಹೊರಡಲು ನಿಂತಿತ್ತು. ಹಾಲವ್ವ ಚೀಲ ಎತ್ತಿಕೊಂಡರು. ಮಂಜಪ್ಪ ನಿಂತಲ್ಲಿಂದ ಕದಲಲಿಲ್ಲ.

"ಅವ್ವ, ನಾ ಬರಂಗಿಲ್ಲ. ಮೊದ್ಲು ತೋರಿಸ್ಕೊಂತೀನಿ."

"ಮಾನ ಕಳೀಬ್ಯಾಡಲೇ."

"ಗೌರಿನ ಊರೂರಿಗೆ ಕರ್ಕೊಂಡೋಗಿ ತೋರಿಸಿದಾಗ ಅವಳ ಮಾನ ಹೋಗ್ಲಿಲ್ಲೇನು?"

ಜಡೆಯ ಬಸ್ಸು ಹೊರಟುಹೋಯಿತು. ನನಗಂತೂ ಬಹಳ ಖುಷಿಯಾಯಿತು.

ಪಾಠ ಮುಗಿದ ಮೇಲೆ ಆಸ್ಪತ್ರೆಯಲ್ಲೇ ಅವನನ್ನು ನಿಲ್ಲಿಸಿ ಪರೀಕ್ಷಿಸಿದೆ. ಎಡಗಡೆ ಉಬ್ಬಿದ ನಾಳಗಳು ಕೈಗೇ ಸಿಕ್ಕವು. ಮೊದಲು ವೀರ್ಯ ಪರೀಕ್ಷೆಯಾಗಲಿ, ಆಪರೇಷನ್ ಮಾತು ಆಮೇಲೆ, ಹೆದರಬೇಡ, ದಾರಿ ಇದೆ ಎಂದೆ. ಹಾಲವ್ವ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡರು.

ಸಂಜೆ ಮೂವರೂ ಶಿಕಾರಿಪುರದ ಬಸ್ಸು ಹತ್ತಿದೆವು. ಮಂಜಪ್ಪ ಗೌರಿಗೆ ಫೋನ್ ಹಚ್ಚಿದ. ಹಾಲವ್ವ ಫೋನ್ ಇಸಿದುಕೊಂಡರು.

"ಗೌರಿ, ತವರಿಗೆ ಹೋಗಬ್ಯಾಡ. ಇವನ್ನ ಮೊದ್ಲೇ ತೋರಿಸ್ಬೇಕಿತ್ತು. ನಾವು ತೋರಿಸಿರಲಿಲ್ಲ."

ಆ ಕಡೆಯ ದನಿ ನನಗೂ ಕೇಳಿಸಿತು. "ಅತ್ತಿ, ನಾ ಆಗ್ಲೇ ಬಸ್ಸಿನಾಗದೀನಿ."

ಹಾಲವ್ವ ಸೆರಗಿನಿಂದ ಮೂಗೊರೆಸಿಕೊಂಡರು. "ಎಲ್ಲಿ ನಿಲ್ಲುತ್ತೋ ಅಲ್ಲೇ ಇಳ್ಕಾ ತಾಯಿ. ನಾವಿಬ್ರೂ ಬಂದು ಕರ್ಕೊಂತೀವಿ."