ಹಾಜರಿಗೆ ಎದ್ದು ನಿಂತ ಶರಣಪ್ಪ

ನಿಜಾಮರ ಕಾಲದಲ್ಲಿ ಬೀದರಿನ ಅಶಕ್ತರ ಮನೆಯೊಂದರಲ್ಲಿ ರೋಗಿಗಳ ಆರೈಕೆ ನನ್ನ ಕೆಲಸವಾಗಿತ್ತು. ಅಲ್ಲಿದ್ದ ಸಂತಪುರದ ಶರಣಪ್ಪನಿಗೆ ಬಾವಿಗೆ ಬಿದ್ದಾಗಿನಿಂದ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಹಗಲೂ ರಾತ್ರಿ ನಾವು ಅವನ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು.

ಒಂದು ದಿನ ತಪಾಸಣೆಗೆ ಬಂದ ಸಾಹೇಬರು, "ಹಾಜರಿಗೆ ಎದ್ದು ನಿಲ್ಲದವರನ್ನ ಹೊರಗ ಹಾಕ್ರಿ, ಕಾನೂನು ಅದ," ಎಂದರು.

ನನ್ನ ಮೈ ಉರಿದುಹೋಯಿತು. "ಏಳ್ಲಿಕ್ಕ ಆಗಲ್ಲಂತೇ ಇಲ್ಲಿ ಅದಾರ್ರಿ!" ಎಂದೆ.

ಶರಣಪ್ಪ, "ನನ್ನ ಎಬ್ಬಿಸ್ರಿ ಅಣ್ಣ. ಸಾಹೇಬ್ರು ಹಿಡ್ಕೋತಾರ," ಎಂದ.

ಎತ್ತಿ ನಿಲ್ಲಿಸಿದೆ. ಅವನು ಸಾಹೇಬರ ಕೊರಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಭಾರಕ್ಕೆ ಅವರ ಕಾಲು ನಡುಗಿತು.

"ಇಳಸ್ರಿ ಇವನ್ನ!"

"ಮೊದಲ ಹಾಜರಿ ಹಾಕ್ರಿ," ಎಂದೆ.

ಹಾಕಿದರು. ಕಾನೂನು ಬದಲಾಗಲಿಲ್ಲ, ನನ್ನ ಸಿಟ್ಟೂ ಇಳಿಯಲಿಲ್ಲ. ಆಮೇಲೆ ಬಂದಾಗೆಲ್ಲ ಸಾಹೇಬರು ಬಾಗಿಲ ಹೊರಗೇ ನಿಂತು, ಎಲ್ಲರೂ ಎದ್ದು ನಿಂತಿದ್ದಾರೆಂದು ಬರೆದುಕೊಂಡು ಹೋಗುತ್ತಿದ್ದರು.