ಒಡೆಯದ ಹನ್ನೆರಡು ಮೊಟ್ಟೆ

ಈ ಊರಿನ ಗ್ರೋಸರಿ ಅಂಗಡಿಗಳಲ್ಲಿ ಮೊಟ್ಟೆ ಕೊಳ್ಳುವವರನ್ನು ನೀವು ಗಮನಿಸಿರಬಹುದು. ಎಷ್ಟೇ ಅವಸರವಿರಲಿ, ರಟ್ಟಿನ ಪೆಟ್ಟಿಗೆಯ ಮುಚ್ಚಳವೆತ್ತಿ ಹನ್ನೆರಡನ್ನೂ ಒಮ್ಮೆ ನೋಡುತ್ತಾರೆ, ಒಂದೆರಡನ್ನು ಬೆರಳಿನಿಂದ ಅಲುಗಾಡಿಸುತ್ತಾರೆ, ಆಮೇಲೆ ಗಾಡಿಗೆ ಇಡುತ್ತಾರೆ. ನಾನು ಏಳು ತಿಂಗಳಿಂದ ಆ ಕೆಲಸ ಬಿಟ್ಟಿದ್ದೇನೆ. ಕೈಗೆ ಸಿಕ್ಕ ಪೆಟ್ಟಿಗೆಯನ್ನು ಕಣ್ಣುಮುಚ್ಚಿ ಎತ್ತಿಕೊಂಡು ಬರುತ್ತೇನೆ. ಇವತ್ತು ಮಧ್ಯಾಹ್ನ ಬಿಲ್ ಹಾಕುವ ಹೆಂಗಸು ನನ್ನ ಪರವಾಗಿ ತಾನೇ ಮುಚ್ಚಳ ತೆರೆದು ನೋಡಿ, "ಎಲ್ಲ ಸರಿಯಾಗಿದೆ, ಒಂದೂ ಒಡೆದಿಲ್ಲ" ಎಂದು ನಕ್ಕಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಮಾತ್ರ ಚಿಲ್ಲರೆ ತೆಗೆದುಕೊಳ್ಳದೆ ಹೊರಗೆ ಬಂದು, ಕಾರಿನಲ್ಲಿ ಕುಳಿತು, ಕೀಲಿ ತಿರುಗಿಸದೆ ಸ್ವಲ್ಪ ಹೊತ್ತು ಹಾಗೇ ಇದ್ದೆ.

ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಮರದಿಂದಲೇ ಶುರು ಮಾಡುತ್ತೇನೆ. ಮರ ಕದಲುವುದಿಲ್ಲವಲ್ಲ.

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಒಂದು ದೊಡ್ಡ ಮರವಿದೆ. ನಕ್ಷತ್ರದಂಥ ಎಲೆ, ಬುಡದ ತುಂಬ ಕಾಲಿಗೆ ಚುಚ್ಚುವ ಮುಳ್ಳಿನ ಉಂಡೆಗಳು. ಅದರ ಕೆಳಗಿನ ಬೆಂಚಿನ ಮೇಲೆ ದಿನವೂ ಸಂಜೆ ನಾಲ್ಕಕ್ಕೆ ಒಬ್ಬ ಅಜ್ಜಿ ಬಂದು ಕುಳಿತು ಕಸೂತಿ ಹಾಕುತ್ತಿದ್ದರು. ಕೆಳಗಿನ ಮನೆಯ ಲಿನ್ ಎಂಬಾಕೆಯ ಅತ್ತೆ. ತಲೆಯ ನಡುವೆ ಎತ್ತಿ ಕಟ್ಟಿದ ತುರುಬು, ಅದಕ್ಕೊಂದು ಬೆಳ್ಳಿಯ ಕಡ್ಡಿ. ಬದನೆಕಾಯಿ ಸಿಪ್ಪೆಯ ಹಾಗೆ ಹೊಳೆಯುವ ಕಡುನೀಲಿ ಬಟ್ಟೆ. ನಾನು ಒಂದು ವರ್ಷ ಪೂರ್ತಿ ಅವರಿಗೆ ಚೀನೀ ಭಾಷೆಯಲ್ಲಿ "ನೀ ಹಾವ್" ಎಂದು ನಮಸ್ಕಾರ ಹೇಳಿದೆ. ಅವರು ಒಂದು ವರ್ಷ ಪೂರ್ತಿ ಸುಮ್ಮನೆ ತಲೆಯಾಡಿಸಿದರು. ಚೀನೀ ಹೊಸ ವರ್ಷಕ್ಕೆ ತಟ್ಟೆಯಲ್ಲಿ ಮೈಸೂರುಪಾಕು ಇಟ್ಟು ತೆಗೆದುಕೊಂಡು ಹೋದಾಗ ಲಿನ್ ಮುಜುಗರದಿಂದ ಹೇಳಿದಳು:

"ಬೇಜಾರು ಮಾಡ್ಕೋಬೇಡ. ಅತ್ತೆ ಮಿಯಾವೊ ಜನ. ಚೀನಾದ ಗುಯಿಜೋ ಬೆಟ್ಟಗಳ ಬುಡಕಟ್ಟಿನವರು. ಅವರ ಹೊಸ ವರ್ಷ ಆಗಲೇ ಚಳಿಗಾಲದ ಶುರುವಲ್ಲೇ ಮುಗೀತು. ಚೀನೀ ಭಾಷೆಯನ್ನೂ ಅವರು ನಾನು ಸೊಸೆಯಾಗಿ ಬಂದ ಮೇಲೇ ಸರಿಯಾಗಿ ಕಲಿತದ್ದು."

ಯಾರಾದರೂ "ನೀವು ಇಂಡಿಯನ್ ಅಲ್ಲವೇ, ಹಿಂದಿ ಬರಲೇಬೇಕು" ಎಂದರೆ ಅರ್ಧ ಗಂಟೆ ಭಾಷಣ ಬಿಗಿಯುವ ಹಾಸನದವಳು ನಾನು. ಆ ದಿನ ಮೈಸೂರುಪಾಕು ಕೊಟ್ಟು ಬಾಯಿ ಮುಚ್ಚಿಕೊಂಡು ಬಂದೆ.

ಮೈಸೂರುಪಾಕು ಮಾತ್ರ ಕೆಲಸ ಮಾಡಿತು. ನನ್ನ ಮಗಳು ಚುಕ್ಕಿ, ಆರು ವರ್ಷದವಳು, ಅವರನ್ನು "ಅಜ್ಜಿ" ಎಂದೇ ಕರೆದಳು. ಅವರೂ ಅದಕ್ಕೆ ಓಗೊಟ್ಟರು. ಅವರ ಕಣ್ಣಿಗೆ ಸೂಜಿಯ ತೂತು ಕಾಣುತ್ತಿರಲಿಲ್ಲ. ಸ್ಕೂಲಿನಿಂದ ಬಂದ ಕೂಡಲೇ ದಾರ ಪೋಣಿಸಿಕೊಡುವುದು ಚುಕ್ಕಿಯ ಉದ್ಯೋಗವಾಯಿತು. ಇವಳಿಗೆ ಅವರ ಮಾತು ಬಾರದು, ಅವರಿಗೆ ಇವಳದು ಬಾರದು. ಆದರೂ ಇಬ್ಬರೂ ಜಗಳವಾಡುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಅಜ್ಜಿ ಕಸೂತಿ ಹಾಕುತ್ತಿದ್ದದ್ದು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆಯ ಮೇಲೆ. ನಡುವೆ ದೊಡ್ಡದೊಂದು ಚಿಟ್ಟೆ. ಅದೇಕೆ ಚಿಟ್ಟೆಯೇ ಎಂದು ಕೇಳಿದ್ದಕ್ಕೆ ಲಿನ್ ಮೂಲಕ ಒಂದು ಕಥೆ ಬಂತು. ಮೊದಲಿಗೆ ಒಂದು ಮೇಪಲ್ ಮರವಿತ್ತಂತೆ. ಅದರೊಳಗಿಂದ ಚಿಟ್ಟೆ ತಾಯಿ ಹುಟ್ಟಿದಳಂತೆ. ಅವಳು ಹನ್ನೆರಡು ಮೊಟ್ಟೆ ಇಟ್ಟಳಂತೆ. ಒಂದರಿಂದ ಹುಲಿ, ಒಂದರಿಂದ ಹಾವು, ಒಂದರಿಂದ ಗುಡುಗು, ಒಂದರಿಂದ ಮೊದಲ ಮನುಷ್ಯ. ಅದಕ್ಕೇ ಅವರ ಊರುಗಳ ಹೆಬ್ಬಾಗಿಲಲ್ಲಿ ಆ ಮರವನ್ನು ಕಡಿಯದೆ ಕಾಯುತ್ತಾರೆ, ಅದು ಊರನ್ನು ಕಾಯುತ್ತದೆ. "ಈ ಮರ ಇಲ್ಲೂ ಇದೆಯಲ್ಲ, ಅದಕ್ಕೇ ಅತ್ತೆ ಇಲ್ಲೇ ಕೂರೋದು" ಎಂದಳು ಲಿನ್.

ನಾನು ಸುಮ್ಮನಿರಬಹುದಿತ್ತು. ಆದರೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಇಲ್ಲಿ ಡೇಕೇರಿನಲ್ಲಿ ಅರ್ಧ ದಿನ ಮಕ್ಕಳ ಮೂಗೊರೆಸುವವಳಿಗೆ ಇಂಥ ಅವಕಾಶ ಎಲ್ಲಿ ಸಿಗುತ್ತದೆ? "ಇದು ಮೇಪಲ್ ಅಲ್ಲವೇ ಅಲ್ಲ" ಎಂದು ಎಲೆ ಕಿತ್ತು, ಅದು ಕಡ್ಡಿಗೆ ಅಂಟಿಕೊಂಡಿರುವ ಕ್ರಮ ತೋರಿಸಿ ಸಾಧಿಸಿದೆ. ಅಜ್ಜಿ ಆ ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆರಳಲ್ಲಿ ಹಿಸುಕಿ, ನನ್ನ ಮೂಗಿಗೆ ಹಿಡಿದರು. ಧೂಪದಂಥ ವಾಸನೆ. ಮನೆಗೆ ಹೋಗಿ ಹುಡುಕಿದರೆ, ಅವರ ಕಡೆಯ ಆ ಮರ ನಿಜಕ್ಕೂ ಮೇಪಲ್ ಅಲ್ಲ. ಲಿನ್ ಇಂಗ್ಲಿಷಿನಲ್ಲಿ ಹತ್ತಿರದ ಹೆಸರೊಂದನ್ನು ಹೇಳಿದ್ದಳು, ಅಷ್ಟೆ. ಅದು ನಮ್ಮ ಪಾರ್ಕಿಂಗಿನ ಮರದ ಸ್ವಂತ ಅಕ್ಕ. ಹೆಸರು ತಪ್ಪಿದ್ದರೂ ಮರ ತಪ್ಪಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ.

ಮಾರ್ಚ್‌ನಲ್ಲಿ ಅದು ನಡೆಯಿತು. ಏನು ನಡೆಯಿತೆಂದು ಹೇಳುವುದು ಸುಲಭ. ಹಿಂದಿನ ಬ್ಲಾಕಿನ ವಯಸ್ಸಾದವರೊಬ್ಬರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದರು. ಕಾರು ಕಟ್ಟೆ ಹತ್ತಿ, ಬೆಂಚನ್ನು ಮುರಿದು, ಮರಕ್ಕೆ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಜ್ಜಿಯ ಮೊಣಕೈ ತರಚಿತ್ತು, ಅಷ್ಟೆ.

ಹೇಗೆ ನಡೆಯಿತೆಂಬುದೇ ನನ್ನ ತಲೆಗೆ ಹತ್ತುವುದಿಲ್ಲ. ನಾನು ಅಂಗಡಿಯಿಂದ ಬಂದು, ಚೀಲ ಹಿಡಿದು, ಬೆಂಚಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. ಚುಕ್ಕಿ ಸೂಜಿಯನ್ನು ಬೆಳಕಿಗೆ ಹಿಡಿದಿದ್ದಳು. ಇಂಜಿನ್ನಿನ ಸದ್ದು ಮೊದಲು ಬಂತೋ, ಅಜ್ಜಿ ತಲೆಯೆತ್ತಿದ್ದು ಮೊದಲೋ? ನಾನು ಕೂಗಿದೆನೋ, ಅಥವಾ ಕೂಗು ಬೇರೆಯವರದೋ? ಮುಂದಿನ ಚಿತ್ರದಲ್ಲಿ ಅಜ್ಜಿ ಹುಲ್ಲಿನ ಮೇಲೆ ಕವುಚಿಬಿದ್ದಿದ್ದಾರೆ, ಅವರ ಹೊಟ್ಟೆಯ ಕೆಳಗೆ ಚುಕ್ಕಿಯ ಕೆಂಪು ಶೂ ಕಾಣುತ್ತಿದೆ. ನಡುವಿನದು ಇಲ್ಲ. ಪೊಲೀಸಿನವರು ಏನು ನೋಡಿದಿರಿ ಎಂದು ಕೇಳಿದಾಗ ಮೂರು ಸಲ ಹೇಳಿದೆ, ಮೂರು ಸಲವೂ ಬೇರೆ ಬೇರೆ ಕ್ರಮದಲ್ಲಿ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ನೀರು ಕೊಟ್ಟರು.

ಅಂದು ಸ್ಯಾನ್ ಮಟಿಯೋದ ಆಫೀಸಿನಿಂದ ಓಡೋಡಿ ಬಂದ ನನ್ನ ಗಂಡ ಮಧು ಮಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ನಾನು ಅಡುಗೆಕಟ್ಟೆಯ ಮೇಲೆ ಮರೆತಿದ್ದ ಚೀಲವನ್ನು ಖಾಲಿ ಮಾಡುತ್ತಾ, ನನ್ನನ್ನು ನಗಿಸಲೆಂದು, "ನೋಡೇ, ಇಷ್ಟೆಲ್ಲಾ ಆದ್ರೂ ಮೊಟ್ಟೆ ಒಂದೂ ಒಡೆದಿಲ್ಲ! ವರ್ಲ್ಡ್ ರೆಕಾರ್ಡು ಕಣೇ ಇದು" ಎಂದ.

ನಾನು ಎದ್ದು ಹೋಗಿ ನೋಡಿದೆ. ಹನ್ನೆರಡೂ ಇದ್ದವು, ತಮ್ಮ ತಮ್ಮ ಗುಳಿಯಲ್ಲಿ, ನೆಟ್ಟಗೆ. ನಿಮಗೆ ಅರ್ಥವಾಯಿತಲ್ಲವೇ? ಓಡಿದವಳ ಚೀಲದಲ್ಲಿ ಮೊಟ್ಟೆ ಹೀಗೆ ಇರುವುದಿಲ್ಲ. ಮಗಳ ಮೇಲೆ ಕಾರು ಬರುತ್ತಿದ್ದಾಗ ತಾಯಿ ಚೀಲವನ್ನು ಕೆಳಗೂ ಹಾಕಿರಲಿಲ್ಲ. ಎಪ್ಪತ್ತು ದಾಟಿದ ಪರರ ಮನೆಯ ಅಜ್ಜಿ ಹಾರಿದ್ದರು. ನಾನು ನಿಂತಿದ್ದೆ.

ಇದನ್ನು ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳಿದೆ. ಬಿಸಾಡಲೂ ಆಗಲಿಲ್ಲ, ಬಳಸಲೂ ಆಗಲಿಲ್ಲ. ಚುಕ್ಕಿ ಮರುದಿನವೇ ಸ್ಕೂಲಿಗೆ ಹೋದಳು, ಉಂಡಳು, ಮಲಗಿದಳು. ನಾನು ಹತ್ತು ಸಲ ಹಣೆ ಮುಟ್ಟಿ ನೋಡಿದರೆ, "ಅಮ್ಮಾ, ಐ ಆಮ್ ಫೈನ್. ಸ್ಟಾಪ್ ಇಟ್" ಎಂದು ಕೈ ಸರಿಸುತ್ತಿದ್ದಳು. ಹಾಸನದಿಂದ ಅಮ್ಮ ಫೋನಿನಲ್ಲಿ, "ಮಗು ಬೆಚ್ಚಿರುತ್ತೆ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕೇ, ನಿನ್ನ ಸೈನ್ಸು ಆಮೇಲಿರ್ಲಿ" ಎಂದರು. ಹಾಕಿದೆ. ಹೊಗೆಯ ಅಲಾರಮ್ಮು ಇಡೀ ಬಿಲ್ಡಿಂಗು ಕೇಳುವಂತೆ ಅರಚಿತು. ಮಧು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದರೆ ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಲ್ಲೇ ನಿಂತಿದ್ದೆ. ಆಗಲೂ ಕದಲಲಿಲ್ಲ.

ಅಲಾರಮ್ಮು ಕೇಳಿ ಲಿನ್ ಮತ್ತು ಅಜ್ಜಿ ಮೇಲೆ ಬಂದರು. ಅಜ್ಜಿ ಮೂಗು ಅರಳಿಸಿ ಮೆಣಸಿನಕಾಯಿಯ ಘಾಟನ್ನು ಎಳೆದುಕೊಂಡರು. ಏನು ನಡೆಯುತ್ತಿದೆಯೆಂದು ಅವರಿಗೆ ಯಾರೂ ಅನುವಾದಿಸಬೇಕಾಗಲಿಲ್ಲ. ಚುಕ್ಕಿಯ ಕಿವಿ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಆಮೇಲೆ ನನ್ನ ಹತ್ತಿರ ಬಂದು ನನ್ನ ಕಿವಿ ಮುಟ್ಟಿದರು, ಅಂಗೈ ಮುಟ್ಟಿದರು. ಲಿನ್‌ಗೆ ಏನೋ ಹೇಳಿದರು.

"ನಾನು ಬರೀ ಟ್ರಾನ್ಸ್‌ಲೇಟ್ ಮಾಡ್ತಿದೀನಿ, ಆಯ್ತಾ?" ಎಂದಳು ಲಿನ್. "ಮಗು ಸರಿಯಾಗಿದೆ, ಹೋಗಿರೋದು ನಿನ್ನದು ಅಂತಾರೆ. ಆತ್ಮ ಅಂತಾರಲ್ಲ, ಅದು. ಹೆದರಿದಾಗ ಅಲ್ಲೇ ಉಳಿದುಬಿಡುತ್ತಂತೆ. ಹೋಗಿ ಕರೆದುಕೊಂಡು ಬರಬೇಕಂತೆ. ಅವತ್ತು ಹಾಕಿದ್ದ ಬಟ್ಟೆ ಒಂದು, ಅಕ್ಕಿ, ಮತ್ತೆ ಮೊಟ್ಟೆ."

ಒಪ್ಪಿಕೊಂಡದ್ದೇಕೆ ಎಂದು ಕೇಳಬೇಡಿ. ನಂಬಿಕೆಯಿಂದಲ್ಲ. ಬೇಡವೆನ್ನುವುದಕ್ಕೂ ಒಬ್ಬರು ಒಳಗಿರಬೇಕಲ್ಲ.

ಮರುದಿನ ಸಂಜೆ ನಾನು ಬಟ್ಟಲಲ್ಲಿ ಸೋನಾ ಮಸೂರಿ, ಆ ದಿನದ ಸ್ವೆಟರು, ಜೊತೆಗೆ ಮೊಟ್ಟೆ ತೆಗೆದುಕೊಂಡು ಕೆಳಗಿಳಿದೆ. ಫ್ರಿಜ್ಜಿನ ಹಿಂದಿನ ಪೆಟ್ಟಿಗೆ ಮುಟ್ಟಲಾರದೆ, ಬೇಯಿಸಿ ಸುಲಿದು ಪ್ಲಾಸ್ಟಿಕ್ ಚೀಲದಲ್ಲಿ ಮಾರುತ್ತಾರಲ್ಲ, ಅಂಥದ್ದನ್ನು ತಂದಿದ್ದೆ. ಅಜ್ಜಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಒತ್ತಿ ನೋಡಿದರು. ಆಮೇಲೆ ಹಲ್ಲಿಲ್ಲದ ಕಡೆಯೂ ಕಾಣುವಂತೆ ನಗತೊಡಗಿದರು.

ಲಿನ್‌ಗೂ ನಗು ತಡೆಯಲಾಗಲಿಲ್ಲ. "ಬಟ್ಟೆ ಬಿಚ್ಚಿರೋ ಮೊಟ್ಟೆಯೊಳಗೆ ಯಾರು ಬಂದು ಕೂರ್ತಾರೆ ಅಂತ ಕೇಳ್ತಿದಾರೆ. ಹಸಿ ಮೊಟ್ಟೆ ಬೇಕಂತೆ. ನಿನ್ನ ಮನೆಯದು."

ನಾನು ನಿಂತೇ ಇದ್ದೆ. ಆಗ, ಏಕೋ ಗೊತ್ತಿಲ್ಲ, ಲಿನ್‌ಗೆ ಎಲ್ಲವನ್ನೂ ಹೇಳಿಬಿಟ್ಟೆ. ಮನೆಯಲ್ಲಿರುವುದು ಆ ದಿನದ ಮೊಟ್ಟೆ, ಒಂದೂ ಒಡೆಯಲಿಲ್ಲ, ನಾನು ಓಡಲಿಲ್ಲ, ನಿನ್ನ ಅತ್ತೆ ಓಡಿದರು. "ನಾನು ಕದಲಿದೆನಾ, ಇಲ್ಲವಾ? ಅವರು ನೋಡಿರಬೇಕು. ಕೇಳು" ಎಂದೆ.

ಲಿನ್ ನಗು ನಿಲ್ಲಿಸಿ ಕೇಳಿದಳು. ಅಜ್ಜಿ ಮರದ ಗಾಯದ ಕಡೆ ನೋಡಿದರು. ತೊಗಟೆ ಹಾರಿಹೋದ ಕಡೆ ಅಂಟು ಒಸರಿ ಗಟ್ಟಿಯಾಗಿತ್ತು. ಆಮೇಲೆ ಮೆಲ್ಲಗೆ ಮಾತಾಡಿದರು. ಲಿನ್ ತಡವರಿಸುತ್ತಾ ಹೇಳಿದಳು:

"ಇಲ್ಲ, ನೀನು ಕದಲಲಿಲ್ಲ ಅಂತಾರೆ. ಮರದ ಹಾಗೆ ನಿಂತಿದ್ದೆಯಂತೆ." ನನ್ನ ಮುಖ ನೋಡಿ ಅವಸರವಸರವಾಗಿ ಮುಂದುವರಿಸಿದಳು: "ತಾಳು, ಮುಗಿದಿಲ್ಲ. ನಿನ್ನದು ಮೊದಲೇ ಹೊರಟುಬಿಟ್ಟಿತ್ತಂತೆ. ಕಾಲಿಗೆ ಹೇಳದೆ ಓಡಿತಂತೆ. ಅದು ಹಿಂದಿನಿಂದ ಬೆನ್ನಿಗೆ ಬಂದು ತಳ್ಳಿದ್ದಕ್ಕೇ ತಾನು ಮಗುವಿನ ಮೇಲೆ ಬಿದ್ದದ್ದಂತೆ. ಈ ವಯಸ್ಸಲ್ಲಿ ತನಗೆಲ್ಲಿ ಅಷ್ಟು ಹಾರೋಕಾಗುತ್ತೆ ಅಂತಾರೆ."

ಅಜ್ಜಿ ನನ್ನನ್ನು ನೇರವಾಗಿ ನೋಡುತ್ತಿದ್ದರು. ಅದು ನಂಬಿಕೆಯೋ, ಕರುಣೆಯೋ? ಲಿನ್ ಸೇರಿಸಿದ್ದೆಷ್ಟು, ಅವರು ಹೇಳಿದ್ದೆಷ್ಟು? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಮೇಲೆ ಹೋಗಿ, ಪೆಟ್ಟಿಗೆ ತೆರೆದು, ಒಂದು ಮೊಟ್ಟೆ ತೆಗೆದುಕೊಂಡು ಬಂದೆ. ಅದಷ್ಟನ್ನು ಮಾಡಿದೆ.

ಅಕ್ಕಿಯ ಮೇಲೆ ಮೊಟ್ಟೆ ನಿಲ್ಲಿಸಿ, ನನ್ನ ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡು, ಅಜ್ಜಿ ಮರದ ಬುಡದಲ್ಲಿ ಕರೆಯತೊಡಗಿದರು. ಹಾಡೂ ಅಲ್ಲ, ಮಾತೂ ಅಲ್ಲ. ಸಂಜೆ ಆಟ ಬಿಟ್ಟು ಬರದ ಮಕ್ಕಳನ್ನು ಬಾಗಿಲಲ್ಲಿ ನಿಂತು ಕರೆಯುವ ದನಿ. ನನ್ನ ಹೆಸರು ಅವರಿಗೆ ತಿಳಿಯದು. ಗೊತ್ತಿಲ್ಲದ ಆ ಭಾಷೆಯ ಹೊಳೆಯಲ್ಲಿ ಆಗಾಗ ಎರಡು ಕನ್ನಡ ಪದ ತೇಲಿ ಬರುತ್ತಿದ್ದವು: "ಚುಕ್ಕಿ ಅಮ್ಮಾ... ಚುಕ್ಕಿ ಅಮ್ಮಾ..." ಲಿನ್ ಪಕ್ಕದಲ್ಲಿ ಪಿಸುಗುಟ್ಟುತ್ತಿದ್ದಳು. "ಮರದ ಕೆಳಗೆ ನಿಲ್ಲಬೇಡ, ಚಳಿ. ಕಾರು ಹೋಯಿತು, ಹೆದರಬೇಡ. ಅನ್ನ ಬಿಸಿಯಾಗಿದೆ, ಬಾ." ಹಾಗೆ ಕರೆಯುತ್ತಲೇ ಅವರು ನಮ್ಮನ್ನು ಮನೆಯ ಕಡೆ ನಡೆಸಿದರು. ಕಾರು ನಿಲ್ಲಿಸುತ್ತಿದ್ದ ಒಬ್ಬಾತ ಇಂಜಿನ್ ಆರಿಸಿ, ಟೋಪಿ ತೆಗೆದು, ನಾವು ಹಾದುಹೋಗುವವರೆಗೂ ಹಾಗೇ ಕುಳಿತಿದ್ದ.

ನಮ್ಮ ಬಾಗಿಲಲ್ಲಿ ಚುಕ್ಕಿಯನ್ನು ನಿಲ್ಲಿಸಲಾಗಿತ್ತು. ಹೊಸಿಲ ಬಳಿ ಅಜ್ಜಿ ನಿಂತು ಮೂರು ಸಲ ಏನೋ ಕೇಳಿದರು. ಮನೆಯೊಳಗಿನವರು, ಅವಳು ಬಂದಳು ಎನ್ನಬೇಕಂತೆ. ಲಿನ್ ಸನ್ನೆ ಮಾಡಿದಳು. ಚುಕ್ಕಿ ನನ್ನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ, "ಯಾ, ಶೀ ಇಸ್ ಹೋಮ್" ಎಂದಳು.

ಆ ಮೊಟ್ಟೆಯನ್ನು ಬೇಯಿಸಿ, ಸುಲಿದು, ಅಜ್ಜಿ ತಿರುಗಿಸಿ ತಿರುಗಿಸಿ ನೋಡಿದರು. ಬಿಳಿಯ ಮೇಲೆ ಒಂದು ಸಣ್ಣ ಗುಳಿಯಿತ್ತು. ಅದರ ಅರ್ಥ ಕೇಳಿದೆ. ಇನ್ನೂ ಪೂರ್ತಿ ಒಳಗೆ ಬಂದಿಲ್ಲ, ಬಾಗಿಲಲ್ಲಿ ಇದೆ, ಬರುತ್ತೆ, ಎಂದರಂತೆ. ನನ್ನ ಕೈಗೆ ಬಿಳಿ ದಾರ ಕಟ್ಟಿದರು. ದಾರ ಪೋಣಿಸುವ ಉದ್ಯೋಗದ ಚುಕ್ಕಿ ಪಕ್ಕದಲ್ಲಿ ನಿಂತು ಗಂಟು ಸರಿಯಾಯಿತೇ ಎಂದು ನೋಡಿದಳು. ಮೊಟ್ಟೆಯನ್ನು ನಾನೇ ತಿನ್ನಬೇಕಿತ್ತು, ಯಾರಿಗೂ ಕೊಡುವಂತಿರಲಿಲ್ಲ. ಉಪ್ಪಿಲ್ಲದ ಆ ಮೊಟ್ಟೆಯನ್ನು ಎಲ್ಲರೆದುರು ತಿಂದೆ. ಉಳಿದ ಹನ್ನೊಂದರ ಸಾರನ್ನು ಮಾಡಿ ಎರಡು ಮನೆಯವರೂ ಉಂಡೆವು.

ದಾರ ಬೇಸಿಗೆಯಲ್ಲಿ ತಾನಾಗಿ ಹರಿಯಿತು. ಮರದ ಗಾಯದ ಸುತ್ತ ಹೊಸ ತೊಗಟೆ ಬಂದಿದೆ. ಹೊಸ ಬೆಂಚು ಬಂದಿದೆ, ಮುಂದೆ ಕಾಂಕ್ರೀಟಿನ ಗುಂಡುಕಲ್ಲುಗಳೂ. ಅಕ್ಟೋಬರಿನ ಈ ವಾರ ಎಲೆಗಳು ಕೆಂಪಾಗುತ್ತಿವೆ. ಆದರೂ ಆ ನಡುವಿನ ಚಿತ್ರ ನನಗೆ ಸಿಕ್ಕಿಲ್ಲ. ಹುಡುಕುತ್ತಲೇ ಇದ್ದೇನೆ.

ಇವತ್ತು ಅಂಗಡಿಯ ಮುಂದೆ ಕಾರಿನಲ್ಲಿ ಕುಳಿತಾಗಲೂ ಹುಡುಕುತ್ತಿದ್ದೆ. ಕೊನೆಗೆ ಕೀಲಿ ತಿರುಗಿಸಿ ಮನೆಗೆ ಬಂದೆ. ಇಳಿದು, ಚೀಲ ಹಿಡಿದು ಬರುವಾಗ ಬೆಂಚಿನ ಮೇಲೆ ಅಜ್ಜಿ, ಪಕ್ಕದಲ್ಲಿ ಚುಕ್ಕಿ. ಹತ್ತು ಹೆಜ್ಜೆಯಿರಬೇಕು. ಚುಕ್ಕಿ ನನ್ನನ್ನು ನೋಡಿ ಎದ್ದಳು, ಮುಳ್ಳಿನ ಉಂಡೆಯ ಮೇಲೆ ಕಾಲಿಟ್ಟು ಜಾರಿದಳು.

ನಾನು ಅವಳ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೆ. ಅವಳಿನ್ನೂ ನೆಲ ಮುಟ್ಟಿರಲಿಲ್ಲ. "ಅಮ್ಮಾ, ಔಚ್! ಬಿಡು" ಎಂದಳು. ಆಮೇಲೆ ನನ್ನ ಹಿಂದೆ ನೋಡಿ, "ಓ ನೋ. ಅಮ್ಮಾ, ಯು ಡ್ರಾಪ್ಡ್ ಎವೆರಿಥಿಂಗ್."

ತಿರುಗಿ ನೋಡಿದೆ. ಚೀಲ ದೂರದಲ್ಲಿ ಅಡ್ಡಬಿದ್ದಿತ್ತು. ಅದರ ಬಾಯಿಯಿಂದ ಹಳದಿ ನಿಧಾನವಾಗಿ ಹರಿದು ಬರುತ್ತಿತ್ತು. ಯಾವಾಗ ಬಿಟ್ಟೆನೋ, ಹೇಗೆ ಬಂದೆನೋ, ಈ ಸಲದ ನಡುವಿನ ಚಿತ್ರವೂ ನನ್ನಲ್ಲಿಲ್ಲ.

ಅಜ್ಜಿ ಕಸೂತಿ ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಪೆಟ್ಟಿಗೆಯ ಮುಚ್ಚಳ ತೆರೆದರು. ಈ ಊರಿನ ಎಲ್ಲರ ಹಾಗೆ ಬೆರಳಿನಿಂದ ಒಂದೊಂದನ್ನೇ ಅಲುಗಾಡಿಸಿ ನೋಡಿದರು. ನನ್ನ ಕಡೆ ತಿರುಗಿ, ಅಂದು ಹೊಸಿಲ ಬಳಿ ಕೇಳಿದ್ದ ದನಿಯಲ್ಲೇ, ಅವರ ಭಾಷೆಯಲ್ಲಿ ಏನೋ ಕೇಳಿದರು. ಲಿನ್ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಹೌದು ಅಜ್ಜಿ" ಎಂದೆ.