ಮರಳೊಳಗಿನ ಏಳು ಮೀನು

ಇದನ್ನು ಬರೆಯಲು ಎಷ್ಟೋ ಸಲ ಕೂತು, ಕನ್ನಡಕ ಸರಿಯಿಲ್ಲ ಎಂದು ಎದ್ದು ಹೋಗಿದ್ದೇನೆ. ಮೊನ್ನೆ ಮಗಳು ಹೊಸ ಕನ್ನಡಕ ಮಾಡಿಸಿಕೊಟ್ಟಳು. ಇನ್ನು ನೆಪ ಉಳಿದಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬಳ್ಳಾರಿ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ, ಮೋಟರ್ ವೈಂಡಿಂಗ್ ಕಲಿತು, ವಿಶಾಖಪಟ್ಟಣದ ಗಾಜುವಾಕದಲ್ಲಿ ಒಂದು ರಿಪೇರಿ ಅಂಗಡಿ ಸೇರಿದ್ದೆ. ಹೆಂಡತಿಯ ತವರು ವಿಜಯವಾಡದ ಪಟಮಟ. ಮಾವನೂ ನಮ್ಮ ಕಡೆಯವರೇ. ಹುಡುಗರಾಗಿದ್ದಾಗಲೇ ಅಲ್ಲಿಗೆ ಹೋಗಿ, ಸಿಟಿ ಬಸ್ ಕಂಡಕ್ಟರ್ ಆಗಿ, ತೆಲುಗಿನ ಅತ್ತೆಯನ್ನು ಮದುವೆಯಾಗಿ ನೆಲೆಸಿದವರು. ಬಸ್ಸು ಎಷ್ಟೇ ತುಂಬಿರಲಿ, ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ ಇಷ್ಟು ತಲೆ ಎಂದರೆ ಅಷ್ಟೇ ಇರುತ್ತಿತ್ತು. ಆ ಒಂದು ವಿಷಯದಲ್ಲಿ ಅವರಿಗೆ ಜಂಬವಿತ್ತು.

ಅವರು ನಿವೃತ್ತರಾದಾಗ ನಾನು ಒಂದು ಗಾಜಿನ ತೊಟ್ಟಿಯನ್ನೂ ಏಳು ಮೀನುಗಳನ್ನೂ ಒಯ್ದುಕೊಟ್ಟೆ. ವಿಶಾಖಪಟ್ಟಣದ ಅಂಗಡಿಯವನು ಅವಕ್ಕೆ ಲೋಚ್ ಅನ್ನುತ್ತಾರೆಂದ. ಪೆನ್ಸಿಲಿನಷ್ಟು ಸಣ್ಣ ಮೈ, ಹಳದಿ ಮೇಲೆ ಕಪ್ಪು ಪಟ್ಟೆ, ಬಾಯಿಯ ಸುತ್ತ ಮೀಸೆ. ತೊಟ್ಟಿಯ ತಳ ಬಿಟ್ಟು ಮೇಲೆ ಬರುವುದೇ ಅಪರೂಪವಂತೆ. ನೀರು ತುಂಬಿದ ಕವರನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತಿದ್ದೆ. ಎದುರು ಸೀಟಿನ ಹೆಂಗಸು "ಪಾಮು ಪಿಲ್ಲಲಾ ಬಾಬೂ?" ಎಂದಳು, ಹಾವಿನ ಮರಿಗಳಾ ಎಂದು. ಮೀನು ಎಂದೆ. ಆದರೂ ಆಕೆ ರಾಜಮಂಡ್ರಿ ಬರುವವರೆಗೆ ಕಾಲು ಕೆಳಗಿಡಲಿಲ್ಲ.

ಮಾವ ಕೃಷ್ಣಾ ನದಿಯ ಮರಳು ತಂದು, ಅತ್ತೆಯ ರವೆ ಜರಡಿಯಲ್ಲಿ ಜಾಲಿಸಿ, ತೊಳೆದು ತೊಟ್ಟಿಗೆ ಹಾಸಿದರು. ಅತ್ತೆ ಅಂದೇ ಹೊಸ ಜರಡಿ ತರಿಸಿದರು. ಮೀನು ಬಿಟ್ಟಾಗ ಎಲ್ಲರೂ ಏಳು ಎಣಿಸಿದೆವು. ಮರುದಿನ ಬೆಳಿಗ್ಗೆ ಕಂಡದ್ದು ಎರಡೇ. ವಾರವಾದರೂ ಎರಡೇ.

"ಬೆಕ್ಕು ತಿಂದಿರುತ್ತೆ" ಎಂದರು ಅತ್ತೆ.

"ಏಳೂ ಅದಾವ. ನಾಲ್ಕು ಗಂಟೆಗೆ ಎದ್ದು, ಲೈಟ್ ಹಾಕದಂಗ ಬಂದು ನೋಡ್ರಿ. ಸಂತ್ಯಾಗ ಓಡಾಡಿದಂಗ ಓಡಾಡ್ತಾವ" ಎಂದರು ಮಾವ.

ಮೊದಲ ಬಸ್ಸಿನ ಡ್ಯೂಟಿ ಮಾಡಿದ ಅವರಿಗೆ ನಾಲ್ಕಕ್ಕೆ ಏಳುವುದು ರೂಢಿ. ಮನೆಯಲ್ಲಿ ಬೇರೆ ಯಾರು ಏಳುತ್ತಾರೆ? ನಾನಂತೂ "ಮಾವ, ಉಳಿದ ಐದು ಟಿಕೆಟ್ ತಗೊಂಡಿಲ್ಲ, ಸೀಟಿನ ಕೆಳಗೆ ಅಡಗಿವೆ!" ಎಂದುಬಿಟ್ಟೆ. ಮನೆಯೆಲ್ಲ ನಕ್ಕಿತು. ಅವರೂ ನಕ್ಕರು. "ನಗ್ರಿ ಅಳಿಯಂದ್ರ, ಚೆಕಿಂಗ್ ಬಂದಾಗ ಗೊತ್ತಾಗ್ತದ" ಎಂದರು.

ಆ ತಮಾಷೆ ಎರಡು ವರ್ಷ ಓಡಿತು. ಬಂದ ನೆಂಟರ ಮುಂದೆಲ್ಲ ನಾನು ಎಷ್ಟು ಮೀನು ಮಾವ ಎಂದು ಕೇಳುವುದು, ಅವರು ಏಳು ಎನ್ನುವುದು, ನೆಂಟರು ತೊಟ್ಟಿ ನೋಡಿ ಬಾಯಿ ಮುಚ್ಚಿಕೊಂಡು ನಗುವುದು.

ಆಮೇಲೆ ಮಾವ ಸಣ್ಣಪುಟ್ಟದ್ದು ಮರೆಯತೊಡಗಿದರು. ಹಾಲಿನ ಪ್ಯಾಕೆಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದರು. ಒಮ್ಮೆ ಬೇರೆ ನಂಬರಿನ ಬಸ್ಸು ಹತ್ತಿ ದೀಪ ಹಚ್ಚಿದ ಮೇಲೆ ಮನೆ ಸೇರಿದರು. ದಿನವೂ ಮಧ್ಯಾಹ್ನ ಬಸ್ಸು ಹತ್ತಿ, ಡಿಪೊ ಎದುರಿನ ಟೀ ಅಂಗಡಿಗೆ ಹೋಗಿ ಹಳೆಯ ಜೊತೆಗಾರರೊಂದಿಗೆ ಕೂರುವುದೇ ಅವರಿಗೆ ಜೀವ. ಅದನ್ನು ನಿಲ್ಲಿಸಬೇಕೆಂದು ನನ್ನ ಬಾಮೈದ. ಬೇಡವೆಂದು ಅತ್ತೆ. ದಸರೆಗೆ ನಾವು ಹೋದಾಗ, ಮಾವ ಸ್ನಾನಕ್ಕೆ ಹೋದ ಹೊತ್ತು ನೋಡಿ ಕಾಫಿ ಮುಂದೆ ಮಾತು ತೆಗೆದರು.

"ಬಾವಗಾರೂ, ನೀವು ಹೇಳಿದರೆ ಅಮ್ಮ ಒಪ್ಪುತ್ತಾಳೆ" ಎಂದ ಬಾಮೈದ.

"ಮೀರೇ ಚೆಪ್ಪಂಡಿ, ನೀವೇ ಹೇಳಿ ಅಲ್ಲುಡುಗಾರೂ" ಎಂದರು ಅತ್ತೆ. "ಹಾಲು ನಾನೂ ಮರೀತೀನಿ. ಆದರೆ ಆ ಮೀನಿನ ಮಾತು ಕೇಳಿದರೆ ಮಾತ್ರ ಭಯ ಆಗುತ್ತೆ."

ಅಳಿಯನ ಮಾತಿಗೆ ಆ ಮನೆಯಲ್ಲಿ ತೂಕವಿತ್ತು. ನಾನು ದೊಡ್ಡ ಮನುಷ್ಯನಂತೆ ಕಪ್ಪು ಕೆಳಗಿಟ್ಟು, "ಇಲ್ಲದ ಐದು ಮೀನು ಕಾಣುವವರನ್ನು ಒಬ್ಬರೇ ಬಸ್ಸಿಗೆ ಬಿಡೋದು ಹೇಗೆ? ನಿಲ್ಲಿಸಿಬಿಡಿ" ಎಂದೆ. ಬಾಮೈದ ಗೂಟಕ್ಕೆ ನೇತುಹಾಕಿದ್ದ ಮಾವನ ಅಂಗಿಯಿಂದ ಬಸ್ ಪಾಸ್ ತೆಗೆದು ಬೀರುವಿನಲ್ಲಿಟ್ಟ.

ಮಾವ ಮರಳು ಕದಡದೆ ನೀರಷ್ಟೇ ಬದಲಿಸುತ್ತಿದ್ದುದರಿಂದ ತೊಟ್ಟಿ ಕೊಳಕಾಗಿತ್ತು. ನಾನು ಹೋಗಿ ಅದನ್ನು ತೊಳೆಯಲು ಕೂತೆ. ನೀರನ್ನು ಪೈಪಿನಲ್ಲಿ ಇಳಿಸಿ ಮರಳಿಗೆ ಕೈ ಹಾಕಿದರೆ, ಬೆರಳ ಸಂದಿಯಲ್ಲಿ ಒದ್ದೆ ಷೂ ಲೇಸಿನಂಥದ್ದೊಂದು ಜಾರಿತು. ಮಾವ ಮೂಲೆಯಲ್ಲಿ ಇಟ್ಟಿದ್ದ ಮಡಕೆ ಚೂರು ಎತ್ತಿದೆ. ಅದರಡಿ ಒಂದಕ್ಕೊಂದು ಮೈ ತಾಗಿಸಿಕೊಂಡು, ನುಗ್ಗೆಕಾಯಿ ಕಟ್ಟು ಇಟ್ಟಂತೆ, ಮರಳಲ್ಲಿ ಅರ್ಧ ಹೂತು ಮಲಗಿದ್ದವು. ಎಣಿಸಿದೆ. ಜಾರಿದ್ದೂ ಸೇರಿ ಏಳು. ಎಲ್ಲವೂ ದಷ್ಟಪುಷ್ಟ.

ಅಡುಗೆಮನೆ ಹತ್ತೇ ಹೆಜ್ಜೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಎರಡು ವರ್ಷ ನಗಿಸಿದವನು ನಾನು, ಈಗ ನಗು ನನ್ನ ಮೇಲೆ ತಿರುಗುತ್ತಿತ್ತು. ತೀರ್ಪು ಕೊಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಚೂರನ್ನು ಮೆಲ್ಲಗೆ ಇಟ್ಟೆ. ಮೀನುಗಳು ಮೂತಿ ಚುಚ್ಚಿ, ಮೈ ಕೊಂಕಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮರಳೊಳಗೆ ಇಳಿದವು. ಎರಡು ಮಾತ್ರ ಹೊರಗುಳಿದವು.

ಮಾವ ತಲೆ ಒರೆಸಿಕೊಳ್ಳುತ್ತ ಬಂದರು. "ಅಳಿಯಂದ್ರ, ಮರಳಿಗೆ ಕೈ ಹಾಕೀರಲ್ಲ, ಎಷ್ಟು ಅದಾವ?"

"ಎರಡು, ಮಾವ."

"ಸರಿಯಾಗಿ ನೋಡಿದ್ರ್ಯಾ?"

"ನೋಡಿದೆ."

ಅವರು ತೊಟ್ಟಿಯನ್ನೇ ನೋಡುತ್ತ ನಿಂತರು. "ನೀವು ಕೈಯಾಗ ಮುಟ್ಟಿ ನೋಡೀರಿ ಅಂದಮ್ಯಾಗ ಎರಡ ಇರಬೇಕು" ಎಂದರು. ಊಟವಾದ ಮೇಲೆ ಅಂಗಿ ತೊಟ್ಟು ಜೇಬು ಮುಟ್ಟಿಕೊಂಡರು. ಪಾಸ್ ಇರಲಿಲ್ಲ. ಯಾರನ್ನೂ ಕೇಳದೆ ಅಂಗಿ ಬಿಚ್ಚಿ ಮತ್ತೆ ಗೂಟಕ್ಕೆ ಹಾಕಿದರು.

ಆಮೇಲೆ ಯಾರೇ ಕೇಳಲಿ, ಎರಡು ಎನ್ನುತ್ತಿದ್ದರು. ನಾಲ್ಕಕ್ಕೆ ಏಳುವುದನ್ನೂ ಬಿಟ್ಟರು. ಮೂರು ವರ್ಷಕ್ಕೆ ತೀರಿಕೊಂಡರು. ಅವರ ಮರೆವು ಹೇಗೂ ಹೆಚ್ಚುತ್ತಿತ್ತೇನೋ, ಆದರೆ ಆ ಮಾತಿನ ಹಿಂದೆ ನಾನು ಅಡಗುವುದಿಲ್ಲ.

ತಿಥಿ ಮುಗಿದು ತೊಟ್ಟಿ ಖಾಲಿ ಮಾಡುವಾಗ ಮರಳಲ್ಲಿ ಆರು ಸಿಕ್ಕವು, ಒಂದು ನಡುವೆ ಸತ್ತಿರಬೇಕು. "ಬಾವಾ, ಅಪ್ಪ ಹೇಳಿದ್ದು ನಿಜಾನೇ!" ಎಂದು ಬಾಮೈದ ಬಕೆಟ್ ಹಿಡಿದುಕೊಂಡೇ ಕೂತುಬಿಟ್ಟ. ನಾನು ಅಲ್ಲೇ ಎಲ್ಲ ಹೇಳಿ ಅವನ ಕೈ ಹಿಡಿದೆ. ಅತ್ತೆಯ ಕಾಲಿಗೆ ಬಿದ್ದೆ. ಹೆಂಡತಿ ಎಂಟು ದಿನ ಮಾತು ಬಿಟ್ಟಳು, ಅವಳಲ್ಲೂ ಕ್ಷಮೆ ಕೇಳಿದೆ. ಕೇಳದೆ ಉಳಿದದ್ದು ಒಬ್ಬರನ್ನೇ, ಮಾವನನ್ನು.